ಬಟ್ಟಲ ತಳದ ಕ್ವಿನೈನ್

ಹುಬ್ಬಳ್ಳಿ ಸ್ಟೇಷನ್

ನಮ್ಮನ್ನು ಕಳಿಸಲು ಆ ದಿನ ಸ್ಟೇಷನ್ನಿಗೆ ಬಂದವರು ಇವರು: ರೊಟ್ಟಿಯ ಗಂಟು ಹಿಡಿದ ನೀಲವ್ವ ಅತ್ತೆ, ತಾಯತ ಹಿಡಿದ ಹಾಜರಾಬಿ, ಏನನ್ನೂ ಹಿಡಿಯದ ನಮ್ಮ ಓಣಿಯ ಮಠದ ಅಯ್ಯನವರು, ಮತ್ತು ಬೆಂಗೇರಿಯ ಇಬ್ಬರು ಹತ್ತಿ ದಲಾಲರು. ದಲಾಲರು ಹಾರೈಸಲು ಬಂದವರಲ್ಲ. ಮಲ್ಲಪ್ಪ ಮಾವ ಖರೇ ಅಂದರೂ ಸಮುದ್ರ ದಾಟುತ್ತಾರೋ, ಪುಣೆಯಲ್ಲಿ ಇಳಿದು ತಿರುಗಿ ಬರುತ್ತಾರೋ ಎಂದು ಅವರಲ್ಲಿ ವಾದ ಹುಟ್ಟಿತ್ತು. ಗಾಡಿ ಹತ್ತುವುದನ್ನಾದರೂ ಕಣ್ಣಾರೆ ನೋಡೋಣವೆಂದು ಬಂದಿದ್ದರು.

ಹೊರಟವರು ಮೂವರು. ಮಲ್ಲಪ್ಪ ಮಾವ ನನ್ನ ತಾಯಿಯ ಅಣ್ಣ, ನೀಲವ್ವ ಅತ್ತೆಯ ಗಂಡ. ಹತ್ತಿ ಪೇಟೆಯಲ್ಲಿ ಅವರ ಬೆರಳಿಗೆ ಹೆಸರಿತ್ತು. ಒಂದು ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಂಜಿ, ಎಳೆ ಎಷ್ಟು ಉದ್ದ, ಯಾವ ಸೀಮೆಯ ಹೊಲದ್ದು, ತೂಕ ಹೆಚ್ಚಲೆಂದು ಯಾರಾದರೂ ನೀರು ಚಿಮುಕಿಸಿದ್ದಾರೆಯೇ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದರು. ಎರಡನೆಯವರು ಖಾದರ ಮಿಸ್ತ್ರಿ, ಹಾಜರಾಬಿಯ ಗಂಡ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಯಂತ್ರಗಳಿಗೆ ಅವರೇ ವೈದ್ಯರು. ಅವರ ಬಂಡವಾಳ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಕೆಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ, ಒಳಗೆ ಯಾವುದು ಸವೆದಿದೆ, ಯಾವುದು ಸಡಿಲಾಗಿದೆ ಎಂದು ಬಿಚ್ಚದೆಯೇ ಹೇಳುವರು. ನಮ್ಮ ಮನೆಯಂಗಳದಲ್ಲೇ ಆಡಿ ಬೆಳೆದವರು; ನನಗೆ ಖಾದರ ಕಾಕಾ.

ಮೂರನೆಯವನು ನಾನು, ಚನ್ನಪ್ಪ. ಧಾರವಾಡದಲ್ಲಿ ಇಂಗ್ಲಿಷ್ ಕಲಿತಿದ್ದೆ. ಆ ವಿದ್ಯೆಯಿಂದ ಮನೆಯವರಿಗೆ ಅಲ್ಲಿಯವರೆಗೆ ಏನೂ ಉಪಯೋಗವಾಗಿರಲಿಲ್ಲ.

ಆಫ್ರಿಕಾ ಖಂಡದ ಯುಗಾಂಡಾ ದೇಶದಲ್ಲಿ ಒಳ್ಳೆಯ ಹತ್ತಿ ಬೆಳೆಯುತ್ತದೆ. ಮುಂಬಯಿಯ ಒಂದು ವ್ಯಾಪಾರಿ ಪೇಢಿ ಅಲ್ಲಿ ಗಿರಣಿ ಇಟ್ಟಿತ್ತು. ಅರಳೆ ಪರೀಕ್ಷೆಗೆ ಮಾವನನ್ನೂ ಜಿನ್ನುಗಳ ದುರಸ್ತಿಗೆ ಖಾದರ ಕಾಕಾರನ್ನೂ ಒಂದು ಸುಗ್ಗಿಯ ಮಟ್ಟಿಗೆ ಕರೆಸಿಕೊಂಡಿತ್ತು. ಇಂಗ್ಲಿಷ್ ಮಾತಿಗೆ ಇರಲೆಂದು ಮಾವ ನನ್ನನ್ನೂ ಜೊತೆಗೆ ಕರೆದುಕೊಂಡರು. ಎರಡನೆಯ ಮಹಾಯುದ್ಧಕ್ಕೆ ಆರೇಳು ವರ್ಷ ಮುಂಚಿನ ಮಾತು ಇದು.

ಅತ್ತೆ ರೊಟ್ಟಿಯ ಗಂಟನ್ನು ಮಾವನ ಕೈಗೆ ಕೊಟ್ಟಳು. ಒಂದು ಕಂದು ಬಾಟಲಿಯನ್ನು ಮಾತ್ರ ನನ್ನನ್ನು ಬದಿಗೆ ಕರೆದು ಕೊಟ್ಟಳು. ಕ್ವಿನೈನ್ ಗುಳಿಗೆ. ಅವಳ ತಮ್ಮ ಕಟ್ಟಿಗೆ ಗುತ್ತಿಗೆ ಹಿಡಿದು ದಾಂಡೇಲಿ ಅಡವಿಗೆ ಹೋದವನು ಚಳಿಜ್ವರ ಹೊತ್ತು ಬಂದಿದ್ದ. ಟಪಾಲು ಕಚೇರಿಯಲ್ಲಿ ಮಾರುವ ಕ್ವಿನೈನ್ ಪುಡಿಯ ಪೊಟ್ಟಣ ತಂದು ಬಿಚ್ಚುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಆ ಬಿಚ್ಚಿದ ಪೊಟ್ಟಣ ಇನ್ನೂ ಅವಳ ದೇವರ ಗೂಡಿನಲ್ಲಿತ್ತು.

"ಬಾಟ್ಲಿ ನಿನ್ನ ಕಡೆನಽ ಇರ್ಲಿ, ಚನ್ನಪ್ಪ. ಅವರ ಕೈಯಾಗ ಕೊಟ್ರ ಹಡಗದಾಗಿಂದ ಮೀನಿಗೆ ಹಾಕ್ತಾರ," ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಮೂವರು ಹೊಂಟೀರಿ, ಮೂವರು ಬರ್ರಿ," ಎಂದಳು.

ಹಾಜರಾಬಿ ಗಂಡನ ತೋಳಿಗೆ ತಾಯತ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿದಳು.

ಹಡಗು

ಮುಂಬಯಿಯಿಂದ ಮೊಂಬಾಸಾಕ್ಕೆ ಹೋಗುವ ಹಡಗಿನಲ್ಲಿ ನಮಗೆ ಸಿಕ್ಕಿದ್ದು ಮೇಲಟ್ಟದ ಬಯಲು. ಅಲ್ಲಿ ಪ್ರತಿಯೊಬ್ಬನೂ ತನ್ನ ಚಾಪೆಯಷ್ಟು ಜಾಗಕ್ಕೆ ಜಹಗೀರದಾರ. ನಮ್ಮ ಬಲಕ್ಕೆ ಕಾಠೇವಾಡದ ಒಬ್ಬ ದರ್ಜಿ ತನ್ನ ಹೊಲಿಗೆ ಯಂತ್ರದ ಸಮೇತ ಕೂತಿದ್ದ. ಸಮುದ್ರ ಎದ್ದ ದಿನ ಮನುಷ್ಯರೆಲ್ಲ ಇದ್ದಲ್ಲೇ ಬಿದ್ದುಕೊಂಡರು. ಆ ಯಂತ್ರ ಮಾತ್ರ ಇಡೀ ಅಟ್ಟ ಸುತ್ತಿ ಎಲ್ಲರ ಮನೆಗೂ ಹೋಗಿ ಬಂತು.

ಮಾವ ಐದು ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಆರನೆಯ ದಿನ ಎದ್ದು ಕೂತು ರೊಟ್ಟಿ, ಶೇಂಗಾ ಚಟ್ನಿ ಕೇಳಿದರು. ಇದೇ ಸಮಯವೆಂದು ನಾನು ಬಾಟಲಿ ತೆಗೆದೆ.

"ಮಾವಾ, ಇವತ್ತಿಂದ ದಿನಾ ಸಂಜೀಕ ಒಂದು ಗುಳಗಿ ತಗೋಬೇಕ್ರಿ."

"ಎದಕ್ಕ?"

"ಚಳಿಜ್ವರಕ್ಕ."

"ನನಗ ಜ್ವರ ಬಂದೈತೇನು?"

"ಇಲ್ರಿ. ಬರಬಾರದಂತ."

"ಬರದ ಜ್ವರಕ್ಕ ಔಷಧ. ಮಳಿ ಇಲ್ದಾಗ ಕೊಡಿ ಹಿಡಕೊಂಡು ಕುಂದ್ರು ಅಂದಂಗಾತು."

ಆ ದೇಶದಲ್ಲಿ ಸೊಳ್ಳೆ ಕಚ್ಚಿ ಜ್ವರದ ಬೀಜ ರಕ್ತಕ್ಕೆ ಸೇರುತ್ತದೆ, ರಕ್ತದಲ್ಲಿ ಮೊದಲೇ ಕ್ವಿನೈನ್ ಇದ್ದರೆ ಆ ಬೀಜ ಮೊಳೆಯುವುದಿಲ್ಲ ಎಂದು ನಾನು ವಿವರಿಸಿದೆ. ಮಾವ ಕೊನೆಯವರೆಗೂ ಕೇಳಿದರು. ನನ್ನ ಮಾತು ಮುಗಿದ ಮೇಲೆ ಖಾದರ ಕಾಕಾರ ಕಡೆ ತಿರುಗಿದರು. ಅವರು ಆಗಷ್ಟೇ ತಮ್ಮ ಪಾಲಿನ ಗುಳಿಗೆ ನುಂಗಿ ಮುಖ ಕಿವುಚಿಕೊಂಡು ಕೂತಿದ್ದರು.

"ಹೆಂಗೈತೋ ಖಾದರಾ?"

"ಇದರ ಮುಂದ ಬೇವು ಅಂದ್ರ ಧಾರವಾಡ ಪೇಢೆ, ಸಾವಕಾರ್ರ."

"ಮುಗೀತು," ಎಂದರು ಮಾವ. "ಲಿಂಗಕ್ಕ ತೋರಿಸ್ದ ನಾ ಏನೂ ಬಾಯಾಗ ಹಾಕಾಂಗಿಲ್ಲ. ಇಂಥಾ ಕಹಿ ಶಿವಗ ತೋರಿಸಾಂಗಿಲ್ಲ. ಬಾಟ್ಲಿ ಮುಚ್ಚು."

ಈ ಮಾತಿಗೆ ಎಲ್ಲಿಂದಲೂ ಬಾಗಿಲಿರಲಿಲ್ಲ. ಮಾವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಊಟವೋ ಹಣ್ಣೋ ಗುಟುಕು ಹಾಲೋ, ಮೊದಲು ಅದರ ಮುಂದೆ ಹಿಡಿದು, ಆಮೇಲೆ ಪ್ರಸಾದವೆಂದು ತಾವು ತೆಗೆದುಕೊಳ್ಳುವರು. ಐವತ್ತು ವರ್ಷ ನಡೆಸಿಕೊಂಡು ಬಂದ ಕ್ರಮ. ನಾನು ಬಾಟಲಿ ಮುಚ್ಚಿದೆ. ಪಕ್ಕದ ದರ್ಜಿ, ಆ ಗುಳಿಗೆ ಬೇಡವಾದರೆ ನನಗೆ ಕೊಡಿ ಎಂದ.

ಮೊಂಬಾಸಾ

ಬಂದರಿನ ಸುಂಕದವರಿಗೆ ಮಾವನ ಕರಡಿಗೆಯ ಮೇಲೆ ಕಣ್ಣು ಬಿತ್ತು. ಬಿಚ್ಚಿ ತೋರಿಸಿ ಎಂದರು. ಕಂಡಕಂಡವರ ಮುಂದೆ ಬಿಚ್ಚುವುದಿಲ್ಲ ಎಂದು ಮಾವ ಒಂದು ಪೆಟ್ಟಿಗೆಯ ಮೇಲೆ ಕೂತರು. ನಾನು ಧಾರವಾಡದಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ನನ್ನ ಮಾತು ಕೇಳಿದ ಮೇಲೆ ಅಧಿಕಾರಿಗೆ ಅನುಮಾನ ಇನ್ನೂ ಹೆಚ್ಚಿತು. ಕೊನೆಗೆ ಖಾದರ ಕಾಕಾ ಅಲ್ಲಿದ್ದ ಪಂಜಾಬಿ ಜಮಾದಾರನಿಗೆ ಹಿಂದುಸ್ತಾನಿಯಲ್ಲಿ, "ಅದು ಅವರ ದೇವರ ಮನಿ. ನಿಮ್ಮ ಮನಿಗೆ ಯಾರರ ಬಂದು ದೇವರ ಕ್ವಾಣಿ ಬಾಗಲಾ ತಗೀರಿ ಅಂದ್ರ ತಗೀತೀರೇನು?" ಎಂಬರ್ಥದಲ್ಲಿ ಹೇಳಿದರು. ಜಮಾದಾರ ನಮ್ಮನ್ನು ಹೋಗಗೊಟ್ಟ.

ಆಚೆ ಒಬ್ಬ ಬಿಳಿಯ ಡಾಕ್ಟರು ಕೂತಿದ್ದ. ದಿನಾ ಕ್ವಿನೈನ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ಮೂವರ ಪರವಾಗಿ ಹೌದು ಎಂದೆ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನನಗೆ ಅಂದು ಸಮಾಧಾನವಾಯಿತು.

ಮುಂದೆ ರೈಲು. ದಾರಿಯ ಕೆಂಪು ಧೂಳಿಗೆ ಮಾವನ ಹಣೆಯ ವಿಭೂತಿ ಎರಡನೆಯ ದಿನಕ್ಕೆ ಕುಂಕುಮವಾಗಿತ್ತು.

ಸರೋವರ

ರೈಲಿಳಿದು ಹಡಗು ಹತ್ತಿದ ಆ ನೀರನ್ನು ಅವರು ಸರೋವರ ಎನ್ನುತ್ತಾರೆ. ನಮ್ಮ ಉಣಕಲ್ ಕೆರೆಯನ್ನು ದೊಡ್ಡ ಕೆರೆ ಎಂದು ನಾವು ಹೇಳಿಕೊಂಡು ತಿರುಗಿದ್ದಕ್ಕೆ ಅಲ್ಲಿ ನಾಚಿಕೆಯಾಯಿತು. ದಡವೇ ಕಾಣದು. ನಡುನೀರಿನಲ್ಲಿ ಕಪ್ಪು ಹೊಗೆ ಎದ್ದದ್ದು ನೋಡಿ ಮಾವ, "ಯಾವುದೋ ಹಡಗಕ್ಕ ಬೆಂಕಿ ಹತ್ತೈತಿ," ಎಂದರು. ಹೊಗೆ ನಮ್ಮ ಕಡೆಗೇ ಬಂತು. ಬಂದದ್ದು ಹೊಗೆಯಲ್ಲ, ಕೋಟಿ ಕೋಟಿ ಸಣ್ಣ ನೊಣ. ಕಿವಿ, ಮೂಗು, ಬಾಯಿ ಎಲ್ಲ ಕಡೆ ಹೊಕ್ಕವು. ದಡದ ಜನ ಅವನ್ನು ಬುಟ್ಟಿಯಲ್ಲಿ ಹಿಡಿದು, ಒತ್ತಿ, ಬಿಲ್ಲೆ ತಟ್ಟಿ, ಸುಟ್ಟು ತಿನ್ನುತ್ತಾರಂತೆ. ಮಾವ ಸರೋವರ ದಾಟುವವರೆಗೂ ಬಾಯಿಗೆ ಧೋತರದ ಸೆರಗು ಹಿಡಿದೇ ಕೂತರು. ಲಿಂಗಕ್ಕೆ ತೋರಿಸದ್ದು ಬಾಯಿಗೆ ಹೋಗಬಾರದಲ್ಲ.

ಈ ಸುದ್ದಿ ಹೇಳಿದವರು ಗೋವೆಯ ಒಬ್ಬ ಕಂಪೌಂಡರ್. ನಾವು ಹೋಗುವ ಗಿರಣಿಯ ಹತ್ತಿರವೇ ಅವರ ದವಾಖಾನೆ. ಹುಡುಗತನ ಕಾರವಾರದಲ್ಲಿ ಕಳೆದವರಾದ್ದರಿಂದ ಕನ್ನಡ ಬರುತ್ತಿತ್ತು. ಜ್ವರದ ಮಾತು ಬಂದಾಗ ಅವರು ಹವೆಯ ಬಗ್ಗೆ ಮಾತಾಡುವಷ್ಟೇ ಸಾವಕಾಶವಾಗಿ ಹೇಳಿದರು:

"ದಿನಾ ಕ್ವಿನೈನ್ ತಗೊಂಡವರು ಊರಿಗೆ ಹೋಗ್ತಾರೆ. ಅವರಿಗೂ ಒಮ್ಮೊಮ್ಮೆ ಜ್ವರ ಬರ್ತದೆ, ಆದರೆ ಹೋಗ್ತದೆ. ಒಂದು ದಿನ ತಗೊಂಡು ನಾಕು ದಿನ ಬಿಟ್ಟವರಿದ್ದಾರಲ್ಲ, ಅವರಲ್ಲಿ ಕೆಲವರ ಮೂತ್ರ ಮಸಿಯ ಹಾಗೆ ಕಪ್ಪಾಗ್ತದೆ. ಅವರು ಇಲ್ಲೇ ಉಳೀತಾರೆ. ದವಾಖಾನೆ ಹಿಂದೆ ಜಾಗ ಉಂಟು."

ಖಾದರ ಕಾಕಾ ಕೆಮ್ಮಿ ಮಾವನ ಕಡೆ ತಿರುಗಿದರು.

"ಸಾವಕಾರ್ರ, ಒಂದ ಮಾತು. ಯುಗಾದಿಗೆ ಬೇವು ಲಿಂಗಕ್ಕ ತೋರಸ್ತೀರೋ ಇಲ್ಲೋ?"

"ತೋರಸ್ತೇವಿ."

"ಅದೇನು ಸಿಹಿ ಐತೇನ್ರಿ?"

"ಅದರಾಗ ಬೆಲ್ಲ ಇರತೈತಿ."

"ಇದಕ್ಕೂ ಬೆಲ್ಲ ಹಾಕ್ರಿ. ಶಿವಗ ವರ್ಷಕ್ಕ ಒಮ್ಮೆ ನಡಿಯೂದು ಇಲ್ಲಿ ದಿನಾ ನಡೀತೈತಿ. ಬ್ಯಾರೆ ದೇಶ."

ನಮ್ಮ ಕಡೆ ಯುಗಾದಿಯ ಬೇವು ಎಂದರೆ ಕುಡಿಯುವಂಥದು. ಬೆಲ್ಲದ ನೀರಿನಲ್ಲಿ ಪುಟಾಣಿ ಹಿಟ್ಟು, ಬೇವಿನ ಹೂ. ಮಾವ ಒಂದು ನಡುಗಡ್ಡೆ ಹಿಂದೆ ಸರಿಯುವವರೆಗೂ ವಿಚಾರ ಮಾಡಿದರು.

"ಹೇಳಾಂವ ಯಾರು ನೋಡು," ಎಂದರು ಕೊನೆಗೆ. "ನೀ ನಮ್ಮ ಮನ್ಯಾಗ ಒಂದು ಯುಗಾದಿಗರ ಬೇವು ಪೂರಾ ಕುಡದೀಯೇನು? ಮ್ಯಾಲಿನ ಬೆಲ್ಲದ ನೀರು ಕುಡದು, ತಳದಾಗಿನ ಹೂವು ಬಿಟ್ಟು ಏಳ್ತಿ. ನೀಲವ್ವ ವರ್ಷಾ ಬೈತಾಳ."

"ನಾ ಬಿಟ್ರ ನಡೀತೈತ್ರಿ. ನೀವು ಬಿಡಾಂಗಿಲ್ಲ. ಪ್ರಸಾದ."

ಆ ಸಂಜೆ ಮಾವ ಹಡಗಿನ ಮೂಲೆಯಲ್ಲಿ ಕೂತು, ಹಿತ್ತಾಳೆ ಬಟ್ಟಲಿನಲ್ಲಿ ಊರಿಂದ ತಂದ ಬೆಲ್ಲ ಕರಗಿಸಿ, ಗುಳಿಗೆ ಪುಡಿ ಮಾಡಿ ಹಾಕಿ, ಲಿಂಗದ ಮುಂದೆ ಹಿಡಿದು, ಕಣ್ಣು ಮುಚ್ಚಿ ಕುಡಿದರು. ಮುಖದಲ್ಲಿ ಬದಲಾವಣೆಯೇನೂ ಕಾಣಲಿಲ್ಲ.

"ಅಷ್ಟೇನ ಕಹಿ ಇಲ್ಲಪಾ," ಎಂದರು. ಆಮೇಲೆ ರೂಢಿಯಂತೆ ಬಟ್ಟಲಿಗೆ ನೀರು ಹಾಕಿ, ಬೆರಳಿನಿಂದ ತಳ ತೊಳೆದು ಆ ನೀರನ್ನೂ ಕುಡಿದರು. ಪ್ರಸಾದದ ಒಂದು ಕಣವೂ ಉಳಿಯಬಾರದು, ಅದಕ್ಕೆ. ಬೆಲ್ಲ ನೀರಿನಲ್ಲಿ ಕರಗುತ್ತದೆ, ಕ್ವಿನೈನ್ ಪೂರಾ ಕರಗುವುದಿಲ್ಲ. ಹೆಚ್ಚಿನದೆಲ್ಲ ತಳಕ್ಕೆ ಇಳಿದು ಕೂತಿತ್ತು. ಮಾವನ ಎರಡೂ ಕಣ್ಣಿನಿಂದ ನೀರು ಇಳಿಯಿತು. ಉಗುಳುವಂತಿಲ್ಲ. ನುಂಗಿದರು.

ಕಂಪೌಂಡರ್ ಇದನ್ನೆಲ್ಲ ನೋಡುತ್ತಿದ್ದವರು, "ನನ್ನ ದವಾಖಾನೆಯ ಎಲ್ಲರೂ ಅರ್ಧ ಔಷಧ ಲೋಟದಲ್ಲೇ ಬಿಡ್ತಾರೆ. ಈ ಪದ್ಧತಿ ಯಾವ ಪುಸ್ತಕದಲ್ಲಿದೆ?" ಎಂದು ನನ್ನನ್ನು ಕೇಳಿದರು.

ಗಿರಣಿ

ಗಿರಣಿಯ ಸುತ್ತ ಬಾಳೆ. ಆ ದೇಶದ ಜನ ಬಾಳೆಕಾಯಿಯನ್ನು ಬಾಳೆಲೆಯಲ್ಲಿ ಸುತ್ತಿ, ಬೇಯಿಸಿ, ಅದರ ಮೇಲೆ ಶೇಂಗಾದ ಸಾರು ಸುರಿದು ಉಣ್ಣುತ್ತಾರೆ. ಶೇಂಗಾ ಕಂಡಾಗಿನಿಂದ ಮಾವನಿಗೆ ಅವರ ಮೇಲೆ ಭರವಸೆ ಬಂತು. ಉಣ್ಣಲಿಲ್ಲ, ತಮ್ಮ ಅಡುಗೆ ತಾವೇ ಮಾಡಿಕೊಂಡರು. ನಾನು ಉಂಡೆ. ಊರಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಜನರಲ್ಲಿ ಇಬ್ಬರು ದಾರಿಯಲ್ಲಿ ಭೆಟ್ಟಿಯಾದರೆ ಅವರ ಕ್ಷೇಮಸಮಾಚಾರ ಮುಗಿಯಲು ಬಹಳ ಹೊತ್ತು ಬೇಕು. ಹೆಂಗಸರು ಮೊಣಕಾಲೂರಿ ಕೂತೇ ಮಾತಾಡಿಸುವರು. ಹೇಗಿದ್ದೀರಿ, ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ; ಪ್ರತಿಯೊಂದಕ್ಕೂ ಆ ಕಡೆಯವರು ಹೂಂ ಎನ್ನುವರು, ಈ ಕಡೆಯವರೂ ಹೂಂ ಎನ್ನುವರು, ಆ ಹೂಂಗಳು ಸಣ್ಣದಾಗುತ್ತ ಆಗುತ್ತ ನಿಲ್ಲುವವು. ಗಿರಣಿಯ ಗುಜರಾತಿ ಮ್ಯಾನೇಜರನಿಗೆ ಇದರಿಂದ ಕೆಲಸ ಕೆಡುತ್ತದೆಂದು ಸಿಟ್ಟು. ಮಾವನಿಗೆ ಅದು ಸರಿಯೆನಿಸಿತು. "ಆರಾಮ ಅದೀರೇನು ಅಂತ ಕೇಳಿ ಉತ್ತರ ಕೇಳ್ದ ಮುಂದ ಹೋಗಾವರು ನಾವು. ಇವರು ನಿಂತು ಕೇಳ್ತಾರ," ಎಂದು, ಒಂದು ವಾರದಲ್ಲಿ ತಾವೂ ಹೂಂಗುಟ್ಟುವುದನ್ನು ಕಲಿತರು.

ದಿನಾ ಸೂರ್ಯ ಇಳಿಯುವ ಹೊತ್ತಿಗೆ ನಮ್ಮ ಗುಡಿಸಲಿನ ಮುಂದೆ ಕ್ವಿನೈನ್ ನಡೆಯುತ್ತಿತ್ತು. ನಾನು ಬಾಟಲಿ ಬಿಚ್ಚಿ ಹಂಚುವೆ. ಮಾವ ಬಟ್ಟಲು, ಬೆಲ್ಲ, ಲಿಂಗ, ಮತ್ತೆ ಬಟ್ಟಲು ತೊಳೆದ ನೀರು. ಖಾದರ ಕಾಕಾ ಬಿಸ್ಮಿಲ್ಲಾ ಎಂದು ಗುಳಿಗೆಯನ್ನು ಬಾಯಿಗೆ ಎಸೆದುಕೊಂಡು, ನೀರು ಕುಡಿದು ಜಿನ್ನಿನ ಕಡೆ ನಡೆಯುವರು. ನಾನು ನುಂಗಿ, ಬಾಟಲಿ ಮುಚ್ಚಿ, ಅತ್ತೆಗೆ ಪತ್ರ ಬರೆಯುವೆ: ಮೂವರೂ ಔಷಧ ತಪ್ಪಿಸುತ್ತಿಲ್ಲ. ಕೆಲವು ದಿನಗಳಲ್ಲಿ ನನ್ನ ಕಿವಿಯಲ್ಲಿ ಸಣ್ಣಗೆ ಸಿಳ್ಳೆ ಕೇಳಿಸತೊಡಗಿತು. ಕ್ವಿನೈನಿನ ಗುಣವೇ ಅದು, ಹೆದರಬೇಡಿ ಎಂದಿದ್ದರು ಕಂಪೌಂಡರ್. ನಾನು ಹೆದರಲಿಲ್ಲ. ಪತ್ರ ಬರೆಯುವವನಿಗೆ ಕಿವಿಯ ಗೊಡವೆ ಏನು?

ಆ ಪ್ರಶ್ನೆಯನ್ನು ಬೇರೆಯವರ ಕಿವಿಗೂ ಹಚ್ಚಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಅರಳೆಯ ಗುಡ್ಡೆ

ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಜಿನ್ನುಗಳ ಸಾಲಿನಲ್ಲಿ ನಿಂತಿದ್ದ ಖಾದರ ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟು, "ಚನ್ನಪ್ಪ, ಥಂಡಿ ಭಾಳ ಐತಿ," ಎಂದರು. ಹಲ್ಲು ಕಟಕಟ ಎನ್ನುತ್ತಿದ್ದವು. ಮೂರು ಕಂಬಳಿ ಹೊದಿಸಿದೆವು. ಕಂಬಳಿಗಳ ಸಮೇತ ನಡುಗಿದರು. ಗುಡಿಸಲವರೆಗೆ ನಡೆಸುವಂತಿರಲಿಲ್ಲ. ಮಾವ ಅವರನ್ನು ಪಕ್ಕದ ಅರಳೆಯ ಗುಡ್ಡೆಗೆ ಒರಗಿಸಿ, ಆಗತಾನೆ ಜಿನ್ನಿನಿಂದ ಬಿದ್ದ ಬಿಸಿ ಅರಳೆಯನ್ನು ಎರಡೂ ಕೈಯಿಂದ ಅವರ ಮೇಲೆ ಎಳೆದು ಮುಚ್ಚಿದರು. ಕೊನೆಗೆ ಮುಖ ಒಂದು ಹೊರಗಿತ್ತು.

ನಡುಕ ಹೋಗಿ ಸುಡುವ ಜ್ವರ ಬಂತು, ಅದು ಇಳಿದು ಬೆವರು ಬಂತು. ಮ್ಯಾನೇಜರ್ ಓಡಿ ಬಂದು ಅರಳೆ ಹಾಳಾಯಿತೆಂದ. ಮಾವ ಗುಡ್ಡೆಯಿಂದ ಒಂದು ಚಿಟಿಕೆ ತೆಗೆದು, ಹಿಂಜಿ ನೋಡಿ, "ಹೌದ್ರಿ, ತೇವ ಐತಿ. ಎರಡನೇ ನಂಬರಿಗೆ ಹಾಕ್ರಿ," ಎಂದರು. ತಮ್ಮ ಮನುಷ್ಯನ ಬೆವರೆಂದು ಅವರು ಒಂದನೇ ನಂಬರು ಕೊಡಲಿಲ್ಲ.

ಕಂಪೌಂಡರನ್ನು ಕರೆಯಲು ಆಳು ಹೋದ. ಒದ್ದೆ ಅಂಗಿ ಬದಲಿಸಲು ಒಣಬಟ್ಟೆ ಬೇಕೆಂದು ನಾನು ಖಾದರ ಕಾಕಾರ ಹತ್ಯಾರದ ಪೆಟ್ಟಿಗೆ ತೆಗೆದೆ. ಒರೆಸುವ ಬಟ್ಟೆಯ ಕೆಳಗೆ ವಾಷರುಗಳ ಡಬ್ಬಿ. ಹಿತ್ತಾಳೆಯ ವಾಷರುಗಳ ನಡುವೆ ಬಿಳಿಯವೂ ಇದ್ದವು. ಕೈಗೆ ತೆಗೆದುಕೊಂಡೆ. ಗುಳಿಗೆ. ಜಿನ್ನು ಓಡಲು ಶುರುವಾದ ಮೇಲೆ ನಾನು ಕೊಟ್ಟ ಗುಳಿಗೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಇದ್ದವು. ದಿನಾ ಸಂಜೆ ನನ್ನ ಕಣ್ಣೆದುರಿಗೇ ನುಂಗಿದ ಗುಳಿಗೆ ಅವರ ಅಂಗೈಯನ್ನು ಬಿಟ್ಟೇ ಇರಲಿಲ್ಲ.

"ಕಾಕಾ, ಇದೇನ್ರಿ?"

ಅವರು ಮುಖ ಆ ಕಡೆ ತಿರುಗಿಸಿದರು. "ಕಿವ್ಯಾಗ ಸಿಳ್ಳು ಹೊಡೀತೈತಪಾ. ಜಿನ್ನಿನ ದನಿ ಕೇಳವಲ್ದು. ನಡನಡಕ ತಗೊಂಡೇನಿ. ಕೆಲಸ ಇದ್ದ ದಿನ ಬಿಟ್ಟೇನಿ."

ನಡನಡುವೆ ಎಂಬ ಮಾತು ಕೇಳಿ ನನಗೆ ದವಾಖಾನೆಯ ಹಿಂದಿನ ಜಾಗ ನೆನಪಾಯಿತು. ಮಾವನಿಗೂ ಆಗಿರಬೇಕು. ಅವರು ಎದ್ದು ಹೊರಗೆ ಹೋದರು.

ಕಂಪೌಂಡರ್ ಸೈಕಲ್ ಮೇಲೆ ಬಂದು, ಮೊದಲು ಮೂತ್ರದ ಬಣ್ಣ ಕೇಳಿದರು. ಕಪ್ಪಿರಲಿಲ್ಲ. ಹತ್ತು ಗ್ರೇನ್ ತೂಕದಂತೆ ದಿನಕ್ಕೆ ಮೂರು ಸಲ, ಏಳು ದಿನ ಎಂದು ಬರೆದುಕೊಟ್ಟರು. "ಮೂರನೇ ದಿನಕ್ಕೆ ಜ್ವರ ಬಿಡ್ತದೆ. ಎಲ್ಲರೂ ಅಲ್ಲೇ ಔಷಧ ಬಿಡ್ತಾರೆ. ಜ್ವರ ಹೋದದ್ದು ಮೇಲಿಂದ. ಬೀಜ ರಕ್ತದಲ್ಲಿ ಇರ್ತದೆ. ಏಳು ದಿನ ಅಂದರೆ ಏಳು. ಬಣ್ಣ ಬದಲಾದರೆ ಮಾತ್ರ ಔಷಧ ನಿಲ್ಲಿಸಿ ನನ್ನನ್ನು ಕರೀರಿ," ಎಂದು ನನಗೆ ಹೇಳಿದರು. ಈ ಸಲ ಗುಳಿಗೆ ಹಂಚುವ ನನ್ನ ವಿದ್ಯೆಯ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಮೂರನೆಯ ದಿನ ಜ್ವರ ಬಿಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ಖಾದರ ಕಾಕಾ ಗುಳಿಗೆ ದೂಡಿದರು.

"ಸಾಕಪಾ. ನೀ ಮಾತಾಡೂದು ಬಾಯಿ ನೋಡಿ ತಿಳ್ಕೊಳ್ಳಾಕತ್ತೇನಿ. ಇನ್ನ ಮೂರು ದಿನ ತಗೊಂಡ್ರ ಪೂರಾ ಕೆಪ್ಪ ಆಗತೇನಿ. ಕೆಪ್ಪ ಮಿಸ್ತ್ರಿನ್ನ ಯಾರು ಕರೀತಾರ? ಸತ್ತು ಹೋದ್ರ ಒಮ್ಮೆ ಅಳ್ತಾರ. ಕಿವಿ ಹೋದ್ರ ದಿನಾ ಕುಂತು ತಿನ್ನಬೇಕು."

ನಾನು ಹೇಳಬಹುದಾದದ್ದನ್ನೆಲ್ಲ ಜೋರಾಗಿ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳುತ್ತಿರಲಿಲ್ಲ.

ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಒದ್ದೆ ಧೋತರದಲ್ಲೇ ಬಂದರು. ಕೈಯಲ್ಲಿ ಹಿತ್ತಾಳೆ ಬಟ್ಟಲು. ಮಂಚದ ಪಕ್ಕ ಕೂತು ಅದನ್ನು ಮುಂದೆ ಹಿಡಿದರು.

"ಲಿಂಗಕ್ಕ ತೋರಿಸಿದ್ದು," ಎಂದರು ಗಟ್ಟಿಯಾಗಿ. "ಈಗಿದು ಔಷಧ ಅಲ್ಲ. ಬಿಡಾಂಗಿಲ್ಲ. ಹಡಗದಾಗ ಹೇಳ್ದಾಂವ ಯಾರು?"

"ನಿಮಗ ಹೇಳಿದ್ದು ಸಾವಕಾರ್ರ. ನನಗೂ ಹತ್ತತೈತೇನು ಆ ಕಾಯ್ದೆ?"

"ಸಣ್ಣಾಂವ ಇದ್ದಾಗಿಂದ ನಮ್ಮ ಮನ್ಯಾಗ ಬೇವು ಕುಡದೀದಿ. ಹತ್ತತೈತಿ."

"ನನ್ನ ಕಿವಿ?"

ಮಾವ ಬಟ್ಟಲನ್ನು ಅವರ ಎದೆಯ ಮೇಲಿಟ್ಟು, ತಮ್ಮ ಎರಡೂ ಹಸ್ತಗಳನ್ನು ಅವರ ಮುಖದ ಮುಂದೆ ಹಿಡಿದರು.

"ನಿನ್ನ ಕಿವಿ ತಿರುಗಿ ಬರೂತನಾ ಇವು ಅದಾವ. ಎಳಿ ನೋಡೂ ಬೆರಳಿಗೆ ಕಬ್ಬಿಣ ನೋಡಾಕ ಬರಂಗಿಲ್ಲೇನು? ಜಿನ್ನಿನ ಮ್ಯಾಲೆ ಕೈ ಇಟ್ಟು ಕುಂದ್ರತೇನಿ. ನಡುಗೂದು ಹೆಂಗೈತಿ ನಾ ಹೇಳತೇನಿ, ಏನ ಮಾಡ್ಬೇಕು ನೀ ಹೇಳು. ಕಿವಿ ಬರಲಿಲ್ಲಂದ್ರ ಹುಬ್ಬಳ್ಯಾಗೂ ಹಿಂಗಽ ನಡಸೂಣು."

ಖಾದರ ಕಾಕಾ ಬಹಳ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ಎದ್ದು ಕೂತು ಕುಡಿದರು. ಕೆಳಗಿಡಲು ಹೋದಾಗ ಮಾವ ತಂಬಿಗೆಯಿಂದ ನೀರು ಬಗ್ಗಿಸಿ, "ತಳ ಉಳೀತು," ಎಂದರು. ತೊಳೆದು ಅದನ್ನೂ ಕುಡಿದರು. ಅವರು ಆಗ ಉರ್ದುವಿನಲ್ಲಿ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಹೀಗೆ ದಿನಕ್ಕೆ ಮೂರು ಸಲ, ಏಳು ದಿನ ಮುಗಿಯುವವರೆಗೆ.

ಆ ದಿನಗಳಲ್ಲಿ ಗಿರಣಿ ನಡೆದ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಮಾವ ಒಂದೊಂದು ಜಿನ್ನಿಗೂ ಅಂಗೈ ಹಚ್ಚಿ ಕೂತು, "ಮೂರನೇದು ಎತ್ತು ಮೈ ಝಾಡಿಸಿದಂಗ ಮಾಡತೈತಿ," "ಐದನೇದರಾಗ ಜ್ವಾಳ ಬೀಸಿದಂಗ ಆಗತೈತಿ," ಎನ್ನುವರು. ನಾನು ಅದನ್ನು ಗುಡಿಸಲಿಗೆ ಒಯ್ದು ಖಾದರ ಕಾಕಾರ ಕಿವಿಯಲ್ಲಿ ಕೂಗುವೆ. ಅವರು, "ಎತ್ತು ಅಂದ್ರ ಪಟ್ಟಾ ಸಡಲಾಗೈತಿ. ಬೀಸಿದಂಗ ಅಂದ್ರ ಎಣ್ಣಿ ಇಲ್ಲ," ಎಂದು ಹೇಳಿ ಕಳಿಸುವರು. ಮ್ಯಾನೇಜರ್ ಇದನ್ನೆಲ್ಲ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಜಿನ್ನು ಒಂದೂ ನಿಲ್ಲಲಿಲ್ಲ.

ಏಳು ದಿನ ಕಳೆದ ಮೇಲೆ ಮತ್ತೆ ದಿನಕ್ಕೊಂದೇ ಗುಳಿಗೆ. ಸಿಳ್ಳೆ ನಿಧಾನವಾಗಿ ಇಳಿಯಿತು. ಬಲಗಿವಿ ಪೂರಾ ತಿರುಗಿ ಬಂತು. ಎಡಗಿವಿ ಮೊದಲಿನಂತಾಗಲಿಲ್ಲ. ಖಾದರ ಕಾಕಾ ಸ್ಕ್ರೂಡ್ರೈವರನ್ನು ಬಲಗಿವಿಗೆ ಹಚ್ಚುವುದನ್ನು ರೂಢಿ ಮಾಡಿಕೊಂಡರು.

ಮತ್ತೆ ಹುಬ್ಬಳ್ಳಿ

ಸುಗ್ಗಿ ಮುಗಿಸಿ ಬಂದಾಗ ಸ್ಟೇಷನ್ನಿನಲ್ಲಿ ಅತ್ತೆ, ಹಾಜರಾಬಿ ಇಬ್ಬರೇ ಇದ್ದರು. ಗಾಡಿಯಿಂದ ಮೊದಲು ನಾನು ಇಳಿದೆ, ಆಮೇಲೆ ಮಾವ. ಖಾದರ ಕಾಕಾ ಹತ್ಯಾರದ ಪೆಟ್ಟಿಗೆ ಇಳಿಸುವುದರಲ್ಲಿ ತಡ ಮಾಡಿದರು. ಅಷ್ಟು ಹೊತ್ತೂ ಅತ್ತೆ ನಮ್ಮಿಬ್ಬರನ್ನು ಮಾತಾಡಿಸಲೇ ಇಲ್ಲ. ಬಾಗಿಲ ಕಡೆ ನೋಡುತ್ತ ನಿಂತಿದ್ದಳು. ಅವರು ಇಳಿದ ಮೇಲೆ, "ರೊಟ್ಟಿ ಸಾಲಿದ್ವೇನ್ರಿ?" ಎಂದು ಮಾವನನ್ನು ಕೇಳಿದಳು. ಮನೆಗೆ ಹೋದವಳೇ ದೇವರ ಗೂಡಿನಲ್ಲಿದ್ದ ಆ ಹಳೆಯ ಕ್ವಿನೈನ್ ಪೊಟ್ಟಣ ತೆಗೆದುಹಾಕಿದಳು.

ಆ ವರ್ಷದ ಯುಗಾದಿಗೆ ಖಾದರ ಕಾಕಾ ಎಂದಿನಂತೆ ಬಂದರು. ಬೇವಿನ ಮೇಲಿನ ಬೆಲ್ಲದ ನೀರು ಕುಡಿದು, ತಳದ ಹೂವು ಬಿಟ್ಟರು.

"ಕಾಯ್ದೆ?" ಎಂದರು ಮಾವ.

"ಅದು ಆ ದೇಶದ್ದು ಸಾವಕಾರ್ರ," ಎಂದರು. ಅತ್ತೆ ಬೈದಳು. ಮುಂದಿನ ಯುಗಾದಿಗಳಲ್ಲೂ ಹೀಗೇ ನಡೆಯಿತು.

ಯುದ್ಧದ ಕಾಲದಲ್ಲಿ ಕ್ವಿನೈನ್ ಪೇಟೆಯಿಂದ ಮಾಯವಾಯಿತು. ಅದು ಬರುತ್ತಿದ್ದ ಜಾವಾ ಜಪಾನಿನವರ ಕೈ ಸೇರಿತ್ತು. ಧಾರವಾಡದ ಹತ್ತಿರದ ಮುಗದದ ಕಡೆ ಕೆಲಸಕ್ಕೆ ಹೋಗಿ ಖಾದರ ಕಾಕಾ ಮತ್ತೊಮ್ಮೆ ಜ್ವರ ತಂದುಕೊಂಡಾಗ ದವಾಖಾನೆಯಲ್ಲಿ ಹೊಸ ಹಳದಿ ಗುಳಿಗೆ ಕೊಟ್ಟರು. ಜ್ವರ ಹೋಯಿತು, ಮೈ ಹಳದಿಯಾಯಿತು. "ಮೈಲಾರಲಿಂಗನ ಭಂಡಾರದ ಅರಿಷಿಣದಾಗ ಹೊಳ್ಳಾಡಿ ಬಂದೀಯೇನೋ?" ಎಂದು ಮಾವ ಕೇಳಿದರು. ಈ ಗುಳಿಗೆಯಿಂದ ಕಿವಿಯಲ್ಲಿ ಸಿಳ್ಳೆ ಇಲ್ಲವೆಂದು ಖಾದರ ಕಾಕಾ ಅದನ್ನು ಹೊಗಳಿದರು.

ಯುದ್ಧ ಮುಗಿಯುವ ಮುಂಚೆ, ಒಂದು ಚಳಿಗಾಲದಲ್ಲಿ, ಮಾವ ಲಿಂಗೈಕ್ಯರಾದರು. ಜ್ವರವಲ್ಲ, ವಯಸ್ಸು. ಲಿಂಗವಂತರಾದ ನಮ್ಮಲ್ಲಿ ಸೂತಕವಿಲ್ಲವಾದ್ದರಿಂದ ಅತ್ತೆ ಆ ಯುಗಾದಿಗೂ ಬೇವು ಮಾಡಿದಳು.

ಖಾದರ ಕಾಕಾ ಬಂದು ಪಡಸಾಲೆಯಲ್ಲಿ ಕೂತರು. ಅತ್ತೆ ಬೇವು ತಂದುಕೊಟ್ಟಳು, ಅದೇ ಹಿತ್ತಾಳೆ ಬಟ್ಟಲಿನಲ್ಲಿ. ಕುಡಿದರು. ಬೈಯಬೇಕೆಂದು ಅತ್ತೆ ಅಲ್ಲೇ ನಿಂತಿದ್ದಳು. ಅವರು ಬಟ್ಟಲು ಕೆಳಗಿಡದೆ ತಂಬಿಗೆಗೆ ಕೈ ಚಾಚಿದರು. ನೀರು ಬಗ್ಗಿಸಿಕೊಂಡು, ಬೆರಳಿನಿಂದ ತಳ ತೊಳೆದು, ಹೂವಿನ ಸಮೇತ ಆ ನೀರನ್ನೂ ಕುಡಿದರು.